ಸ್ವಿಚ್ಚಿನ ಒಳಗಿನ ಆಜ್ಞೆ: ಫರ್ಮ್‌ವೇರ್ ಅಪ್‌ಡೇಟ್ ಮತ್ತು ಗೊತ್ತಿರುವ ದೋಷಗಳು

ಡೇಟಾ ಸೆಂಟರಿನ ಸರ್ವರ್‌ಗಳನ್ನು ಒಂದಕ್ಕೊಂದು ಜೋಡಿಸಿ, ಹೊರಗಿನ ಜಾಲಕ್ಕೂ ಕೂಡಿಸುವ ಸಾಧನವೇ ನೆಟ್‌ವರ್ಕ್ ಸ್ವಿಚ್. ನೋಡುವುದಕ್ಕೆ ಅದು ಚಪ್ಪಟೆಯಾದ ಒಂದು ಲೋಹದ ಪೆಟ್ಟಿಗೆ. ಮುಂಭಾಗದಲ್ಲಿ 32 ಅಥವಾ 48 ಪೋರ್ಟ್‌ಗಳು, ಹಿಂಭಾಗದಲ್ಲಿ ಫ್ಯಾನುಗಳು ಮತ್ತು ಎರಡು ವಿದ್ಯುತ್ ಘಟಕಗಳು ಇರುತ್ತವೆ. ಒಂದು ಪೋರ್ಟಿನಿಂದ ಬಂದ ಮಾಹಿತಿಯ ಪೊಟ್ಟಣದ ಮೇಲಿರುವ ವಿಳಾಸವನ್ನು ಓದಿ, ಅದನ್ನು ಸರಿಯಾದ ಇನ್ನೊಂದು ಪೋರ್ಟಿಗೆ ದಾಟಿಸುವುದು ಅದರ ಕೆಲಸ. ತಲಾ 100 ಗಿಗಾಬಿಟ್ ವೇಗದ 32 ಪೋರ್ಟ್‌ಗಳಿರುವ ಸ್ವಿಚ್ ಸೆಕೆಂಡಿಗೆ 3.2 ಟೆರಾಬಿಟ್ ಮಾಹಿತಿಯನ್ನು ಹೀಗೆ ದಾಟಿಸಬಲ್ಲದು. ಆ ಕೆಲಸವನ್ನು ಹೇಗೆ ಮಾಡಬೇಕೆಂದು ಪೆಟ್ಟಿಗೆಗೆ ಕಲಿಸುವ, ಅದರೊಳಗೇ ನೆಲೆಸಿರುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು.

ಬಾದಾಮಿಯಿಂದ ಬೆಂಗಳೂರಿಗೆ

ಈ ಪೆಟ್ಟಿಗೆಗೂ ಬಾಗಲಕೋಟೆ ಜಿಲ್ಲೆಯ ರೈತನಿಗೂ ಇರುವ ನಂಟು ಪಹಣಿಯಲ್ಲಿ, ಅಂದರೆ ಈ ಭಾಗದವರ ಉತಾರದಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ 2001ರಲ್ಲಿ ಜಾರಿಗೆ ಬಂದ ಭೂಮಿ ಯೋಜನೆ ಕೈಬರಹದ ಪಹಣಿಯ ಜಾಗಕ್ಕೆ ಕಂಪ್ಯೂಟರ್ ಪಹಣಿಯನ್ನು ತಂದಿತು. ಮೊದಮೊದಲು ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇದ್ದವು. ಮುಂದೆ ಅವು ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಹೋದವು. ಜಿಲ್ಲೆ, ತಾಲ್ಲೂಕು ಕಚೇರಿಗಳನ್ನು ರಾಜಧಾನಿಗೆ ಕೂಡಿಸಲು ಕೆಸ್ವಾನ್ ಎಂಬ ರಾಜ್ಯವ್ಯಾಪಿ ಜಾಲ ಬಂತು. ಹೀಗಾಗಿ ಬಾದಾಮಿ, ಹುನಗುಂದ ಅಥವಾ ಹುನಗುಂದದಿಂದ ಬೇರ್ಪಟ್ಟು ತಾಲ್ಲೂಕಾದ ಇಳಕಲ್‌ನಲ್ಲಿ ಒಂದು ಉತಾರ ಕೇಳಿದರೆ, ಆ ಕೋರಿಕೆ ಕಚೇರಿಯ ಚಿಕ್ಕ ಸ್ವಿಚ್ಚಿನಿಂದ ಹೊರಟು, 400ಕ್ಕೂ ಹೆಚ್ಚು ಕಿಲೋಮೀಟರ್ ದಾಟಿ, ಡೇಟಾ ಸೆಂಟರಿನ ದೊಡ್ಡ ಸ್ವಿಚ್ಚುಗಳ ಮೂಲಕ ಸರ್ವರನ್ನು ಮುಟ್ಟಿ ಮರಳಬೇಕು.

ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ ಬಿಟ್ಟುಕೊಟ್ಟವರ ಜಿಲ್ಲೆ ಇದು. ಪರಿಹಾರಕ್ಕೂ, ಬೆಳೆಸಾಲಕ್ಕೂ, ಬೆಳೆ ವಿಮೆಗೂ ಉತಾರ ಬೇಕು. ನಾಡಕಚೇರಿಯ ಕಿಟಕಿಯಲ್ಲಿ ‘ಸರ್ವರ್ ಡೌನ್’ ಎಂಬ ಮಾತು ಕೇಳಿದರೆ ಆ ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಹೋದಂತೆ. ಆದರೆ ಸರ್ವರ್ ಚೆನ್ನಾಗಿಯೇ ಇದ್ದು, ನಡುವಿನ ಸ್ವಿಚ್ ನಿಂತಿದ್ದರೂ ಕಿಟಕಿಯಲ್ಲಿ ಕೇಳಿಬರುವುದು ಅದೇ ಮಾತು. ಸ್ವಿಚ್ ನಿಲ್ಲುವುದಕ್ಕೆ ಕರೆಂಟು, ಕೇಬಲ್ಲು, ಬಿಸಿಲು, ದೂಳು ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಕಣ್ಣಿಗೆ ಕಾಣದ ಕಾರಣ ಫರ್ಮ್‌ವೇರಿನ ದೋಷ.

ಮಗ್ಗ ಒಂದೇ, ಅಂಚು ಬೇರೆ

ಫರ್ಮ್‌ವೇರ್ ಎಂದರೇನು ಎಂಬುದನ್ನು ನೇಕಾರರ ಮನೆಯಲ್ಲಿ ಸುಲಭವಾಗಿ ತಿಳಿಯಬಹುದು. ಜಕಾರ್ಡ್ ಕೂರಿಸಿದ ಮಗ್ಗದಲ್ಲಿ ತೂತು ಕೊರೆದ ಅಟ್ಟೆಗಳ ಒಂದು ಸರ ಇರುತ್ತದೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಉಳಿಯಬೇಕು ಎಂಬುದನ್ನು ಆ ತೂತುಗಳೇ ಹೇಳುತ್ತವೆ. ಮಗ್ಗವನ್ನು ಮುಟ್ಟದೆ ಅಟ್ಟೆಗಳನ್ನು ಬದಲಿಸಿದರೆ ಅಂಚಿನ ವಿನ್ಯಾಸ ಬದಲಾಗುತ್ತದೆ. ಒಂದು ತೂತು ತಪ್ಪಾಗಿ ಬಿದ್ದಿದ್ದರೆ ಅದೇ ತಪ್ಪು ಪ್ರತಿ ಸುತ್ತಿನಲ್ಲೂ ಬಟ್ಟೆಯ ಮೇಲೆ ಮೂಡುತ್ತದೆ. ಸ್ವಿಚ್ಚಿನ ಚಿಪ್ಪುಗಳು ಮಗ್ಗವಿದ್ದಂತೆ, ಫರ್ಮ್‌ವೇರ್ ಆ ಅಟ್ಟೆಗಳ ಸರವಿದ್ದಂತೆ.

ಸ್ವಿಚ್ಚಿನಲ್ಲಿ ಇಂಥ ಆಜ್ಞೆಗಳು ಹಲವು ಪದರಗಳಲ್ಲಿವೆ. ಕರೆಂಟು ಬಂದ ಕೂಡಲೇ ಎಚ್ಚರಗೊಳ್ಳುವುದು ಬೂಟ್‌ಲೋಡರ್. ಅದು ಫ್ಲ್ಯಾಶ್ ಮೆಮೊರಿಯಲ್ಲಿರುವ ಮುಖ್ಯ ಕಾರ್ಯಾಚರಣ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಫ್ಯಾನು, ವಿದ್ಯುತ್ ಘಟಕ, ದೀಪಗಳನ್ನು ನೋಡಿಕೊಳ್ಳುವ ಚಿಕ್ಕ ಚಿಪ್ಪುಗಳಿಗೆ ಬೇರೆಯದೇ ಫರ್ಮ್‌ವೇರ್ ಇರುತ್ತದೆ. ಸಿಸ್ಕೊ, ಅರಿಸ್ಟಾದಂಥ ಕಂಪನಿಗಳು ತಮ್ಮ ತಮ್ಮ ವ್ಯವಸ್ಥೆಗಳನ್ನು ಕೊಡುತ್ತವೆ. ಮೈಕ್ರೋಸಾಫ್ಟ್ 2016ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಸೋನಿಕ್ ಎಂಬ ವ್ಯವಸ್ಥೆಯನ್ನು ಬೇರೆ ಬೇರೆ ತಯಾರಕರ ಸ್ವಿಚ್ಚುಗಳ ಮೇಲೂ ನಡೆಸಬಹುದು. 2022ರಿಂದ ಅದು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ.

ಅಪ್‌ಡೇಟ್ ಬೇಕಾಗುವುದು ಮೂರು ಕಾರಣಕ್ಕೆ: ಭದ್ರತೆಯ ಬಿರುಕನ್ನು ಮುಚ್ಚಲು, ಕೆಲಸದಲ್ಲಿ ಕಂಡ ತಪ್ಪನ್ನು ತಿದ್ದಲು, ಹೊಸ ಸೌಲಭ್ಯ ಸೇರಿಸಲು. ಮೊದಲನೆಯದು ತುರ್ತಿನದು, ಎರಡನೆಯದನ್ನು ಯೋಜಿಸಿ ಮಾಡಬಹುದು. ಮೂರನೆಯದು ಅಗತ್ಯವಿಲ್ಲದಿದ್ದರೆ ಕಾಯುವುದೇ ಲೇಸು, ಏಕೆಂದರೆ ಹೊಸ ಸೌಲಭ್ಯದ ಜೊತೆಗೆ ಹೊಸ ದೋಷಗಳೂ ಬರಬಹುದು.

ಗೊತ್ತಿರುವ ದೋಷಗಳ ಪಟ್ಟಿ

ಪ್ರತಿ ಹೊಸ ಆವೃತ್ತಿಯೊಂದಿಗೆ ತಯಾರಕರು ಬಿಡುಗಡೆ ಟಿಪ್ಪಣಿಯನ್ನು ಕೊಡುತ್ತಾರೆ. ಅದರಲ್ಲಿ ಎರಡು ಪಟ್ಟಿಗಳು ಮುಖ್ಯ. ಈ ಆವೃತ್ತಿಯಲ್ಲಿ ಸರಿಪಡಿಸಿದ ದೋಷಗಳದು ಒಂದು. ಗೊತ್ತಿದ್ದೂ ಇನ್ನೂ ಸರಿಹೋಗದೆ ಉಳಿದಿರುವ ದೋಷಗಳದು ಇನ್ನೊಂದು. ಪ್ರತಿ ದೋಷಕ್ಕೂ ಒಂದು ಗುರುತಿನ ಸಂಖ್ಯೆ, ಅದು ಯಾವ ಮಾದರಿಯಲ್ಲಿ, ಯಾವ ಸನ್ನಿವೇಶದಲ್ಲಿ ತಲೆದೋರುತ್ತದೆ ಎಂಬ ವಿವರ, ತಾತ್ಕಾಲಿಕ ಪರಿಹಾರವಿದ್ದರೆ ಅದೂ ಇರುತ್ತದೆ. ಎರಡನೆಯ ಪಟ್ಟಿಯನ್ನು ಓದದೆ ಅಪ್‌ಡೇಟ್ ಮಾಡುವುದು, ಆಳ ತಿಳಿಯದೆ ಹೊಳೆಗೆ ಇಳಿದಂತೆ.

ಈ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಜಾತಿಯ ದೋಷ ಎಣಿಕೆಗೆ ಸಂಬಂಧಿಸಿದ್ದು. ಕಂಪ್ಯೂಟರ್ ಒಂದು ಸಂಖ್ಯೆಗೆ 32 ಬಿಟ್ ಜಾಗ ಕೊಟ್ಟರೆ, ಅದರಲ್ಲಿ ಎಣಿಸಬಹುದಾದದ್ದು 4,29,49,67,296 ಹಂತಗಳನ್ನು ಮಾತ್ರ. ಸಾಧನ ಚಾಲೂ ಆಗಿ ಎಷ್ಟು ಹೊತ್ತಾಯಿತೆಂದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತ ಹೋದರೆ, 497 ದಿನಕ್ಕೆ ಆ ಜಾಗ ತುಂಬಿ ಎಣಿಕೆ ಸೊನ್ನೆಗೆ ಮರಳುತ್ತದೆ. ಇದನ್ನು ಮುಂಗಾಣದೆ ಬರೆದ ತಂತ್ರಾಂಶ, ಒಂದು ವರ್ಷಕ್ಕೂ ಹೆಚ್ಚು ಕಾಲ ಎಡವದೆ ನಡೆದ ಯಂತ್ರವನ್ನು ಒಂದೇ ಗಳಿಗೆಯಲ್ಲಿ ಕೆಡಿಸಬಲ್ಲದು. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ಮಾಹಿತಿ ಸಂಗ್ರಹಿಸಿಡುವ ತನ್ನ ಕೆಲವು ಎಸ್‌ಎಸ್‌ಡಿ ಡ್ರೈವ್‌ಗಳ ಬಗ್ಗೆ ಇಂಥದೇ ಎಚ್ಚರಿಕೆ ಕೊಟ್ಟಿತು: ಹೊಸ ಫರ್ಮ್‌ವೇರ್ ಹಾಕದಿದ್ದರೆ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಕೆಲಸ ಮಾಡಿದ ಡ್ರೈವ್ ಸತ್ತುಹೋಗುತ್ತದೆ, ಅದರಲ್ಲಿದ್ದ ಮಾಹಿತಿಯೂ ಸಿಗುವುದಿಲ್ಲ. ಸಿಸ್ಕೊದ ನೆಕ್ಸಸ್ 3000 ಮತ್ತು 9000 ಸರಣಿಯ ಕೆಲವು ಸ್ವಿಚ್ಚುಗಳೊಳಗಿನ ಎಸ್‌ಎಸ್‌ಡಿ ಕೂಡ 28,224 ಗಂಟೆಗಳ, ಅಂದರೆ 1,176 ದಿನಗಳ ಬಳಿಕ ಸ್ತಬ್ಧವಾಗುವ ದೋಷ ಹೊಂದಿತ್ತು. ಇಂಥ ದೋಷದಲ್ಲಿ ಇನ್ನೊಂದು ಅಪಾಯವೂ ಇದೆ. ಒಂದೇ ದಿನ ಕೊಂಡು, ಒಂದೇ ದಿನ ಚಾಲೂ ಮಾಡಿದ ಸಾಧನಗಳು ಹೆಚ್ಚುಕಡಿಮೆ ಒಂದೇ ದಿನ ನಿಲ್ಲುತ್ತವೆ. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಭರವಸೆಯೂ ಆಗ ಕೈಕೊಡುತ್ತದೆ.

ಎರಡನೆಯ ಜಾತಿ ಭದ್ರತೆಯದು. ಸಿಸ್ಕೊ ಸ್ವಿಚ್ಚುಗಳನ್ನು ದೂರದಿಂದಲೇ ಸುಲಭವಾಗಿ ಸ್ಥಾಪಿಸಲೆಂದು ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಲಭ್ಯವಿತ್ತು. ಅದರಲ್ಲಿದ್ದ ಒಂದು ಗಂಭೀರ ದೋಷಕ್ಕೆ 2018ರ ಮಾರ್ಚ್ ಕೊನೆಯಲ್ಲಿ ತಿದ್ದುಪಡಿ ಬಂತು. ಏಪ್ರಿಲ್ ಮೊದಲ ವಾರದಲ್ಲೇ ಇರಾನ್ ಮತ್ತು ರಷ್ಯಾದ ಡೇಟಾ ಸೆಂಟರುಗಳ ಮೇಲೆ ಅದೇ ಸೌಲಭ್ಯದ ದಾರಿಯಿಂದ ದಾಳಿ ನಡೆದು, ಸ್ವಿಚ್ಚುಗಳ ಸಂರಚನೆ, ಅಂದರೆ ಅವು ಹೇಗೆ ಕೆಲಸ ಮಾಡಬೇಕೆಂದು ಹೊಂದಿಸಿಟ್ಟ ವಿವರ ಅಳಿಸಿಹೋಯಿತು. ಇರಾನಿನಲ್ಲೇ ಸುಮಾರು 3,500 ಸ್ವಿಚ್ಚುಗಳು ತೊಂದರೆಗೆ ಒಳಗಾದವು. ಬಳಸದ ಸೌಲಭ್ಯವನ್ನು ಮುಚ್ಚಿಡಬೇಕು ಎಂಬ ಪಾಠ ಅಪ್‌ಡೇಟಿನಷ್ಟೇ ದೊಡ್ಡದು.

ಫರ್ಮ್‌ವೇರಿನಿಂದ ಸರಿಹೋಗದ ದೋಷಗಳೂ ಇವೆ. ಇಂಟೆಲ್‌ನ ಆಟಂ ಸಿ2000 ಚಿಪ್ಪಿನಲ್ಲಿ ಗಡಿಯಾರದ ಸಂಕೇತ ಕಾಲಕ್ರಮೇಣ ನಿಂತುಹೋಗುವ ದೋಷವಿರುವುದು 2017ರ ಆರಂಭದಲ್ಲಿ ಬೆಳಕಿಗೆ ಬಂತು. ಆ ಚಿಪ್ಪಿದ್ದ ಸಾಧನ ಒಮ್ಮೆ ನಿಂತರೆ ಮತ್ತೆ ಏಳುತ್ತಿರಲಿಲ್ಲ. ಅನೇಕ ಕಡೆ ಸಾಧನವನ್ನೇ ಬದಲಿಸಿಕೊಡಬೇಕಾಯಿತು.

ಅಪ್‌ಡೇಟ್ ನಡೆಯುವ ಬಗೆ

ಸ್ವಿಚ್ಚಿನ ಫರ್ಮ್‌ವೇರ್ ಬದಲಿಸಿದರೆ ಸಾಮಾನ್ಯವಾಗಿ ಅದನ್ನು ಮರುಚಾಲೂ ಮಾಡಬೇಕು. ಆ ಹಲವು ನಿಮಿಷ ಅದರ ಮೂಲಕ ಏನೂ ಹರಿಯುವುದಿಲ್ಲ. ಆದ್ದರಿಂದ ಒಳ್ಳೆಯ ಡೇಟಾ ಸೆಂಟರಿನಲ್ಲಿ ಸ್ವಿಚ್ಚುಗಳು ಜೋಡಿಯಾಗಿರುತ್ತವೆ, ಪ್ರತಿ ಸರ್ವರಿನಿಂದಲೂ ಎರಡಕ್ಕೂ ಕೇಬಲ್ ಹೋಗಿರುತ್ತದೆ. ಒಂದರ ಹೊರೆಯನ್ನು ಇನ್ನೊಂದಕ್ಕೆ ದಾಟಿಸಿ, ಖಾಲಿಯಾದದ್ದನ್ನು ಅಪ್‌ಡೇಟ್ ಮಾಡಿ, ಅದು ಸರಿಯಾಗಿ ಎದ್ದು ನಿಂತ ಮೇಲೆ ಎರಡನೆಯದನ್ನು ಮುಟ್ಟಬೇಕು.

ಅದಕ್ಕೂ ಮುನ್ನ ಮಾಡಬೇಕಾದ ಕೆಲಸಗಳಿವೆ. ಈಗಿರುವ ಸಂರಚನೆಯ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಫ್ಲ್ಯಾಶ್ ಮೆಮೊರಿಯಲ್ಲಿ ಜಾಗವಿದೆಯೇ ಎಂದು ನೋಡಬೇಕು. ಇಳಿಸಿಕೊಂಡ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದಲೇ ಲೆಕ್ಕ ಹಾಕಿ ಪಡೆದ ಗುರುತನ್ನು, ತಯಾರಕರು ಪ್ರಕಟಿಸಿದ ಮೌಲ್ಯದೊಂದಿಗೆ ಹೋಲಿಸಬೇಕು. ಒಂದು ಅಕ್ಷರ ಬೇರೆಯಾದರೂ ಆ ಕಡತ ದಾರಿಯಲ್ಲಿ ಕೆಟ್ಟಿದೆ ಅಥವಾ ಯಾರೋ ಅದನ್ನು ತಿದ್ದಿದ್ದಾರೆ ಎಂದೇ ಅರ್ಥ. ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಜಿಗಿಯಬಹುದೇ, ನಡುವೆ ಇನ್ನೊಂದು ಮೆಟ್ಟಿಲು ಹತ್ತಬೇಕೇ ಎಂಬುದನ್ನು ಟಿಪ್ಪಣಿಯಲ್ಲಿ ನೋಡಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿದರೆ ಮಾತ್ರ ನೇಯ್ಗೆ ಮುಂದೆ ಸಾಗುತ್ತದೆ. ಎರಡು ಆವೃತ್ತಿಗಳ ನಡುವಿನ ಕೂಡಿಕೆಗೂ ಅಷ್ಟೇ ತಾಳ್ಮೆ ಬೇಕು. ಆಜ್ಞೆಯ ರೂಪ ಬದಲಾಗಿ ಹಳೆಯ ಸಂರಚನೆಯ ಒಂದು ಸಾಲನ್ನು ಹೊಸ ಆವೃತ್ತಿ ಕೈಬಿಟ್ಟರೆ, ಸ್ವಿಚ್ ಎದ್ದರೂ ಒಂದು ದಾರಿ ಮುಚ್ಚಿಹೋಗಿರುತ್ತದೆ.

ಬರೆಯುವ ನಡುವೆ ಕರೆಂಟು ಹೋಗುವುದು ದೊಡ್ಡ ಗಂಡಾಂತರ. ಅರ್ಧ ಬರೆದ ಬೂಟ್‌ಲೋಡರ್ ಸ್ವಿಚ್ಚನ್ನು ಏಳದಂತೆ ಮಾಡಿಬಿಡಬಹುದು. ಇದನ್ನು ತಪ್ಪಿಸಲು ಅನೇಕ ಸ್ವಿಚ್ಚುಗಳು ಫರ್ಮ್‌ವೇರಿನ ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತವೆ. ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳುತ್ತವೆ. ತಾಲ್ಲೂಕು ಕಚೇರಿಯ ಚಿಕ್ಕ ಸ್ವಿಚ್ಚಿಗೆ ಜೋಡಿಯೂ ಇರುವುದಿಲ್ಲ, ಎರಡನೆಯ ವಿದ್ಯುತ್ ಘಟಕವೂ ಇರುವುದಿಲ್ಲ. ಅಲ್ಲಿ ಯುಪಿಎಸ್ ಬ್ಯಾಟರಿ ಗಟ್ಟಿಯಾಗಿದೆಯೆಂದು ಮೊದಲು ಖಚಿತಪಡಿಸಿಕೊಂಡೇ ಕೈಹಾಕಬೇಕು.

ಸಮಯದ ಆಯ್ಕೆಯೂ ತಾಂತ್ರಿಕ ಕೆಲಸದ ಭಾಗವೇ. ಮುಂಗಾರು ಬೆಳೆ ವಿಮೆಯ ಕೊನೆಯ ದಿನ, ಪರೀಕ್ಷಾ ಫಲಿತಾಂಶದ ದಿನ, ಸಂಬಳದ ಬಿಲ್ಲುಗಳು ಸಾಗುವ ತಿಂಗಳ ಕೊನೆ ಅಪ್‌ಡೇಟಿಗೆ ತಕ್ಕವಲ್ಲ. ರಜೆಯ ಹಿಂದಿನ ರಾತ್ರಿ, ಮುಂಚಿತವಾಗಿ ಜನರಿಗೆ ತಿಳಿಸಿ ಮಾಡುವುದು ಸರಿಯಾದ ಕ್ರಮ. ಯಾವ ಹೊತ್ತಿಗೆ ಮುಗಿಯದಿದ್ದರೆ ಹಳೆಯ ಆವೃತ್ತಿಗೆ ಮರಳಬೇಕು ಎಂಬ ಗಡುವನ್ನೂ ಮೊದಲೇ ಗೊತ್ತುಮಾಡಿರಬೇಕು.

ಸ್ವಿಚ್ಚಿಗೂ ಒಂದು ಉತಾರ

ದೇಶದ ಮಟ್ಟದಲ್ಲಿ ಇಂಥ ದೋಷಗಳ ಬಗ್ಗೆ ಎಚ್ಚರಿಸುವುದು 2004ರಲ್ಲಿ ಕೆಲಸ ಆರಂಭಿಸಿದ ಸರ್ಟ್-ಇನ್ ಸಂಸ್ಥೆ. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ, ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್‌ಗಳನ್ನು, ಅಂದರೆ ಅದರಲ್ಲಿ ನಡೆದದ್ದರ ದಾಖಲೆಗಳನ್ನು, 180 ದಿನ ಉಳಿಸಿಕೊಳ್ಳಬೇಕು. ಎಚ್ಚರಿಕೆ ಬಂದಾಗ ತನ್ನಲ್ಲಿ ಯಾವ ಮಾದರಿ, ಯಾವ ಆವೃತ್ತಿ ಇದೆಯೆಂದು ತಿಳಿಯದ ಕಚೇರಿಗೆ ಅದರಿಂದ ಪ್ರಯೋಜನವಿಲ್ಲ.

ಹೊಲದ ಉತಾರದಲ್ಲಿ ಮಾಲೀಕರು ಯಾರು, ಹಕ್ಕು ಹೇಗೆ ಬಂತು, ಮೇಲೆ ಯಾವ ಋಣವಿದೆ ಎಂಬುದೆಲ್ಲ ಒಂದೇ ಹಾಳೆಯಲ್ಲಿ ಕಾಣುತ್ತದೆ. ಪ್ರತಿ ಸ್ವಿಚ್ಚಿಗೂ ಅಂಥದೊಂದು ಹಾಳೆ ಬೇಕು: ಮಾದರಿ, ಕ್ರಮಸಂಖ್ಯೆ, ಚಾಲೂ ಆದ ದಿನ, ಈಗಿನ ಆವೃತ್ತಿ, ಹಿಂದಿನ ಅಪ್‌ಡೇಟಿನ ದಿನ, ತಯಾರಕರ ಬೆಂಬಲ ಮುಗಿಯುವ ದಿನ ಮತ್ತು ಇನ್ನೂ ತೀರದ ದೋಷಗಳು. ಬೆಂಬಲ ಮುಗಿದ ಸ್ವಿಚ್ಚಿಗೆ ಹೊಸ ತಿದ್ದುಪಡಿ ಬರುವುದಿಲ್ಲ. ಅದರ ದೋಷಗಳು ತೀರದ ಋಣವಾಗಿ ಉಳಿಯುತ್ತವೆ, ಅದನ್ನು ಬದಲಿಸುವುದಕ್ಕೆ ಆ ವರ್ಷದ ಬಜೆಟ್ಟಿನಲ್ಲೇ ಹಣ ಇಡಬೇಕಾಗುತ್ತದೆ. ಉಳಿದವುಗಳ ವಿಷಯದಲ್ಲಿ, ಹಾಳೆಯಲ್ಲಿ ಬರೆದಿಟ್ಟ ದೋಷಕ್ಕೆ ಮದ್ದು ಬಂದ ದಿನವೇ ಅದು ಯಾವ ಊರಿನ ಯಾವ ಪೆಟ್ಟಿಗೆಗೆ ಬೇಕೆಂದು ಗೊತ್ತಾಗುತ್ತದೆ.