ಜರ್ಮನ್ ಪರೀಕ್ಷೆ: ಎಡವುವುದು ಅಂಕಿಯಲ್ಲೇ

ಹಿಂದೂಪುರ: ಮದುವೆಯಾಗಿ ಜರ್ಮನಿಯಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಬೇಕೆಂದರೆ, ವೀಸಾಕ್ಕೆ ಮೊದಲು ‘ಎ1’ ಜರ್ಮನ್ ಪರೀಕ್ಷೆ ಪಾಸಾಗಬೇಕು. 2007ರಿಂದ ಇದೇ ನಿಯಮ. ಬ್ಲೂ ಕಾರ್ಡ್ ಪಡೆದವರ ಸಂಗಾತಿಯೂ ಸೇರಿ ಕೆಲವರಿಗೆ ವಿನಾಯಿತಿ ಉಂಟು. ಉಳಿದವರು ಫೇಲಾದರೆ ಸಂಸಾರ ಎರಡು ಕಡೆ.

ಹಿಂದೂಪುರ, ಕಲ್ಯಾಣದುರ್ಗದವರು ಪರೀಕ್ಷೆಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗಬಹುದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಹೀಗೆ ನಾಲ್ಕು ಭಾಗ. ನೂರಕ್ಕೆ 60 ಅಂಕ ಬಂದರೆ ಪಾಸು.

ನಮ್ಮವರಿಗೆ ತೊಡಕು ಅಂಕಿಯದು. ಕನ್ನಡದ ‘ಇಪ್ಪತ್ತೊಂದು’, ತೆಲುಗಿನ ‘ಇರವೈ ಒಕಟಿ’ ಎರಡರಲ್ಲೂ ಇಪ್ಪತ್ತು ಮೊದಲು. ಜರ್ಮನ್‌ನಲ್ಲಿ ‘ಐನ್ ಉಂಟ್ ತ್ಸ್ವಾನ್‌ತ್ಸಿಶ್’, ಅಂದರೆ ‘ಒಂದು ಮತ್ತು ಇಪ್ಪತ್ತು’. ಮರಾಠಿಯ ‘ಏಕವೀಸ’, ಉರ್ದುವಿನ ‘ಇಕ್ಕೀಸ್’ ಕೂಡ ಇದೇ ಲೆಕ್ಕ. ಮನೆಯಲ್ಲಿ ಆ ಮಾತು ಇದ್ದವರಿಗೆ ಸಲೀಸು.

ಕೇಳುವ ಭಾಗದಲ್ಲಿ ರೈಲು ನಿಲ್ದಾಣ, ಅಂಗಡಿಗಳ ಪ್ರಕಟಣೆಯನ್ನು ಒಂದೇ ಸಲ ಕೇಳಿಸುತ್ತಾರೆ. 52 ಅಂದದ್ದನ್ನು 25 ಅಂದುಕೊಂಡರೆ ಅಂಕ ಹೋಯಿತು. ಮಾತಿನ ಭಾಗದಲ್ಲಿ ಹೆಸರಿನ ಅಕ್ಷರ ಬಿಡಿಸಿ ಹೇಳಬೇಕು, ಫೋನ್ ನಂಬರನ್ನೂ ಹೇಳಬೇಕಾಗಬಹುದು.

ಪುಸ್ತಕ ಬಾಯಿಪಾಠ ಮಾಡಿದರೆ ಸಾಲದು. ಬಸ್ ಚಾರ್ಜು, ತರಕಾರಿ ರೇಟು, ಗಡಿಯಾರದ ಹೊತ್ತು ಕಂಡಾಗಲೆಲ್ಲ ಜರ್ಮನ್‌ನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಮನೆಯವರು ಯಾರಾದರೂ ಅಂಕಿ ಓದಿ ಬರೆಸಿದರೆ ಇನ್ನೂ ಒಳ್ಳೆಯದು.