ಜಿಂಕೆಯ ಬೇಟೆಗೆ ಹವಾಮಾನದ ಆ್ಯಪ್ ಸಾಕೇ?

ಪ್ರಶ್ನೆ: ಈಸ್ಟ್ ಹ್ಯಾಮಿನಲ್ಲಿ ನೆಲಸಿರುವ ನಾನು, ಬಂದೂಕಿನ ಪರವಾನಗಿಯುಳ್ಳ ಮಿತ್ರರೊಡನೆ ಎಸೆಕ್ಸಿಗೆ ಜಿಂಕೆಯ ಬೇಟೆಗೆ ಹೋಗಲಿದ್ದೇನೆ. ಫೋನಿನ ಹವಾಮಾನದ ಆ್ಯಪನ್ನು ನಂಬಲೋ, ಹಿರಿಯರ ಅನುಭವವನ್ನೋ?

ಉತ್ತರ: ದಿನವನ್ನು ಆರಿಸಲು ಆ್ಯಪ್ ಸಾಕು, ನಿಲ್ಲುವ ಠಾವನ್ನು ಆರಿಸಲು ಅನುಭವವೇ ಬೇಕು. ಬ್ರಿಟಿಷ್ ಹವಾಮಾನ ಇಲಾಖೆಯ ಸೂಕ್ಷ್ಮ ಗಣನೆಯೂ ಸುಮಾರು 1.5 ಕಿಲೋಮೀಟರಿನ ಚೌಕಗಳಲ್ಲಿ ನಡೆಯುವುದರಿಂದ, ಒಂದು ತೋಪಿನ ಅಂಚಿನಲ್ಲಿ ಗಾಳಿ ಹೇಗೆ ಸುಳಿಯುವುದೆಂಬುದು ಅದಕ್ಕೆ ಅಗೋಚರವಾಗಿಯೇ ಉಳಿಯುತ್ತದೆ. ಜಿಂಕೆಯಾದರೋ ಮನುಷ್ಯನನ್ನು ಕಾಣುವ ಮೊದಲೇ ಘ್ರಾಣದಿಂದ ಅರಿಯುವ ಪ್ರಾಣಿಯಾದುದರಿಂದ, ಬಿಸಿಲೇರಿದಂತೆ ಇಳಿಜಾರನ್ನೇರುವ, ಸಂಜೆ ತಂಪಾದಂತೆ ತಗ್ಗಿಗಿಳಿಯುವ ಗಾಳಿಯ ಗತಿಯನ್ನು ಒಂದು ಚಿಟಿಕೆ ಪೌಡರನ್ನು ತೂರಿ ತಿಳಿಯಬಲ್ಲವನೇ ಅದರ ಸಮೀಪಕ್ಕೆ ಹೋಗಬಲ್ಲನು. ಇಂತಹ ಜ್ಞಾನವು ಹಿರಿಯನೊಬ್ಬನ ಬೆನ್ನ ಹಿಂದೆ ಮೌನವಾಗಿ ನಡೆದಲ್ಲದೆ ಬಾರದು.

ಇವೆರಡಕ್ಕೂ ಮಿಗಿಲಾದುದು ಕಾನೂನು. 1991ರ ಜಿಂಕೆ ಕಾಯಿದೆಯಂತೆ, ವಿಶೇಷಾನುಮತಿಯಿಲ್ಲದೆ, ಸೂರ್ಯಾಸ್ತದ ಒಂದು ಗಂಟೆಯ ಬಳಿಕದಿಂದ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚಿನವರೆಗೆ ಬೇಟೆ ನಿಷಿದ್ಧ. ಇಂಗ್ಲೆಂಡಿನಲ್ಲಿ ಫ್ಯಾಲೋ ಎಂಬ ಜಾತಿಯ ಹೆಣ್ಣುಜಿಂಕೆಯ ಬೇಟೆಗೆ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮಾತ್ರ ಅವಕಾಶ. ಭೂಮಿಯ ಒಡೆಯರ ಒಪ್ಪಿಗೆಯನ್ನು ದಯಮಾಡಿ ಮೊದಲೇ ಪಡೆಯಿರಿ.