ಮಳೆಗಾಲದಲ್ಲಿ ಗೋಡೆ ಬೆವರುವುದೇಕೆ?

ಆಟಿ ತಿಂಗಳಿನಲ್ಲಿ ಮಂಗಳೂರಿನ ಯಾವ ಮನೆಯ ಕಪಾಟನ್ನು ತೆರೆದರೂ ಮೊದಲು ಮೂಗಿಗೆ ತಾಗುವುದು ಮುಗ್ಗಲು ವಾಸನೆ. ಚರ್ಮದ ಚಪ್ಪಲಿಯ ಮೇಲೆ ಹಸುರು ಪುಡಿ, ಪುಸ್ತಕದ ರಟ್ಟಿನ ಮೇಲೆ ಬಿಳಿಯ ಚುಕ್ಕೆ, ಗೋಡೆಯ ಮೂಲೆಯಲ್ಲಿ ಕರಿಯ ಮಚ್ಚೆ. ವರ್ಷಕ್ಕೆ ೩,೫೦೦ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವ ಊರಿನಲ್ಲಿ ಇದು ಸಹಜವೆಂದು ನಾವು ಸುಮ್ಮನಿರುತ್ತೇವೆ. ಬಹಳವಾದರೆ, ತಾರಸಿ ಸೋರುತ್ತಿದೆಯೆಂದು ಮೇಸ್ತ್ರಿಯನ್ನು ಕರೆಯುತ್ತೇವೆ. ನಾನೂ ಹಾಗೆಯೇ ಮಾಡಿದೆನು.

ನಾನು ಬಾಡಿಗೆಗಿರುವ ಮನೆಯ ಹಿಂಬದಿಯ ಕೋಣೆಯಲ್ಲಿ ನನ್ನ ತಾಯಿಯವರು ಮಲಗುತ್ತಾರೆ. ಅಲ್ಲಿ ಮರದ ಕಪಾಟಿನ ಹಿಂದುಗಡೆ ಪ್ರತಿ ಮಳೆಗಾಲದಲ್ಲಿಯೂ ತಟ್ಟೆಯಗಲದ ಬೂಷ್ಟು ಏಳುತ್ತಿತ್ತು; ಅದರ ಜೊತೆಗೇ ಅವರ ಕೆಮ್ಮೂ ಏಳುತ್ತಿತ್ತು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿಯೇ ಪ್ರಕಟಿಸಿರುವುದರಿಂದ ಇದನ್ನು ಕಡೆಗಣಿಸುವಂತಿರಲಿಲ್ಲ. ಮೇಸ್ತ್ರಿ ಬಂದು ತಾರಸಿಗೆ ನೀರು ತಡೆಯುವ ಲೇಪವನ್ನು ಬಳಿದುಹೋದನು. ಮರುವರ್ಷ ಮಚ್ಚೆ ಅದೇ ಜಾಗದಲ್ಲಿ ಮರಳಿ ಬಂದಿತು.

ಭೌತಶಾಸ್ತ್ರವನ್ನು ಬೋಧಿಸುವವನು ಇಷ್ಟರಲ್ಲಿ ಎಚ್ಚರಗೊಳ್ಳಬೇಕಾಗಿತ್ತು. ತಡವಾಗಿಯಾದರೂ ಒಂದು ಸುಲಭವಾದ ಪ್ರಯೋಗ ಮಾಡಿದೆನು. ಇದನ್ನು ನೀವೂ ಮಾಡಬಹುದು. ಅಡುಗೆಮನೆಯಲ್ಲಿ ಬಳಸುವ ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು, ಗೋಡೆಯ ಮೇಲ್ಮೈಯನ್ನು ಒರೆಸಿ, ನಾಲ್ಕು ಅಂಚುಗಳಿಗೂ ಟೇಪು ಹಚ್ಚಿ ಭದ್ರವಾಗಿ ಅಂಟಿಸಿರಿ. ಎರಡು ದಿನ ಬಿಟ್ಟು ನೋಡಿರಿ. ಹಾಳೆಯ ಹಿಂದೆ, ಗೋಡೆಯ ಕಡೆಗೆ ನೀರಿದ್ದರೆ ತೇವವು ಗೋಡೆಯೊಳಗಿನಿಂದ ಬಂದುದು. ಹಾಳೆಯ ಮುಂದೆ, ಕೋಣೆಯ ಕಡೆಗೆ ಹನಿಗಳಿದ್ದರೆ ಅದು ಗಾಳಿಯಿಂದ ಬಂದುದು. ನನ್ನ ಹಾಳೆಯ ಮುಂಭಾಗ ಬೆವರಿತ್ತು, ಹಿಂಭಾಗ ಒಣಗಿತ್ತು. ಎಂದರೆ ತಾರಸಿ ನಿರಪರಾಧಿ.

ಗಾಳಿಯಲ್ಲಿ ನೀರಿನ ಆವಿ ಇಷ್ಟೇ ಇರಬಲ್ಲುದೆಂಬ ಒಂದು ಮಿತಿಯುಂಟು. ಈ ಮಿತಿ ಉಷ್ಣತೆಯೊಡನೆ ಏರುತ್ತದೆ. ೨೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು ೨೬ ಗ್ರಾಂ, ೩೦ ಡಿಗ್ರಿಯಲ್ಲಿ ಸುಮಾರು ೩೦ ಗ್ರಾಂ, ೨೪ ಡಿಗ್ರಿಯಲ್ಲಿ ೨೨ ಗ್ರಾಂ ಮಾತ್ರ. ಇರುವ ಆವಿಯು ಈ ಮಿತಿಯ ಶೇಕಡಾ ಎಷ್ಟು ಎಂಬುದೇ ಸಾಪೇಕ್ಷ ಆರ್ದ್ರತೆ. ಗಾಳಿ ತಣಿದಂತೆ ಮಿತಿ ಕುಗ್ಗುತ್ತದೆ. ಯಾವ ಉಷ್ಣತೆಯಲ್ಲಿ ಇದ್ದ ಆವಿಗೆ ಮಿತಿ ಸಮನಾಗುವುದೋ ಅದೇ ತುಷಾರ ಬಿಂದು. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರಲೇಬೇಕು.

ಪ್ರಯೋಗಶಾಲೆಯ ಎರಡು ಉಷ್ಣಮಾಪಕಗಳನ್ನು ಮನೆಗೆ ತಂದು, ಒಂದರ ಬುರುಡೆಗೆ ಒದ್ದೆಯ ಮಲ್ಲಿನ ಬಟ್ಟೆ ಸುತ್ತಿ, ಫ್ಯಾನಿನ ಕೆಳಗೆ ಹಿಡಿದೆನು. ಜಗಲಿಯಲ್ಲಿ ಒಣ ಮಾಪಕ ೨೭, ಒದ್ದೆಯದು ೨೫.೫, ಆರ್ದ್ರತೆ ಸುಮಾರು ಶೇಕಡಾ ೮೮. ಹಿಂಬದಿಯ ಕೋಣೆಯಲ್ಲಿ ೨೭ ಮತ್ತು ೨೬.೫, ಆರ್ದ್ರತೆ ಶೇಕಡಾ ೯೬! ಸುರಿಯುವ ಮಳೆಗಿಂತ ಒಂದು ಮಾರು ದೂರದ ಜಗಲಿಗಿಂತಲೂ ಮುಚ್ಚಿದ ಕೋಣೆಯೇ ಹೆಚ್ಚು ತೇವ. ಕಾರಣವು ತಲೆಯ ಮೇಲೆಯೇ ತೂಗುತ್ತಿತ್ತು: ಬಟ್ಟೆ ಒಣಗಿಸುವ ಹಗ್ಗ.

ಲೆಕ್ಕ ಹಾಕಿ ನೋಡೋಣ. ಕೋಣೆಯ ಗಾತ್ರ ೩೬ ಘನ ಮೀಟರ್ ಎನ್ನಿರಿ. ೨೭ ಡಿಗ್ರಿಯಲ್ಲಿ ಆರ್ದ್ರತೆ ಶೇಕಡಾ ೮೦ ಇದ್ದರೆ ಪ್ರತಿ ಘನ ಮೀಟರಿನಲ್ಲಿ ಇನ್ನು ೫ ಗ್ರಾಂ ಆವಿಗೆ ಮಾತ್ರ ಸ್ಥಳವಿದೆ. ಇಡೀ ಕೋಣೆಗೆ ೧೮೦ ಗ್ರಾಂ. ಒಂದು ಲೋಟ ನೀರು! ಹಿಂಡಿದ ಮೇಲೆಯೂ ಒಂದು ಬಕೆಟ್ ಬಟ್ಟೆಯಲ್ಲಿ ಎರಡು ಲೀಟರ್ ನೀರು ಉಳಿಯುವುದು ಅಸಾಧ್ಯವಲ್ಲ. ಕಿಟಕಿ ಮುಚ್ಚಿದ್ದರೆ ಉಳಿದುದು ಎಲ್ಲಿಗೆ ಹೋಗಬೇಕು? ಬಟ್ಟೆಯಲ್ಲಿಯೇ ನಿಲ್ಲಬೇಕು, ಇಲ್ಲವೆ ಮಳೆಗೆ ನೆನೆದು ತಣಿದ ಹೊರಗೋಡೆಯನ್ನು ಸೇರಬೇಕು. ಕಪಾಟಿನ ಹಿಂದೆ ಗಾಳಿಯ ಓಡಾಟವಿಲ್ಲ. ಗೋಡೆ ಅಲ್ಲಿ ಕೋಣೆಗಿಂತ ಒಂದು ಡಿಗ್ರಿಯಷ್ಟು ತಣ್ಣಗಿದ್ದರೂ ಸಾಕಾಯಿತು. ಬೂಷ್ಟಿನ ಬೀಜಕಣಗಳಂತೂ ಎಲ್ಲ ಗಾಳಿಯಲ್ಲಿಯೂ ಇವೆ. ಮೇಲ್ಮೈಯಲ್ಲಿ ಆರ್ದ್ರತೆ ಶೇಕಡಾ ೮೦ನ್ನು ಮೀರಿ ಕೆಲವು ದಿನ ನಿಂತರೆ ಅವು ಮೊಳೆಯುತ್ತವೆ. ಸುಣ್ಣಬಣ್ಣದ ಮೇಲಿನ ಧೂಳು, ಕಾಗದ, ಅಂಟು ಇವೇ ಅವಕ್ಕೆ ಆಹಾರ.

ಹಾಗಾದರೆ ನಮ್ಮ ಹಿರಿಯರ ಮನೆಗಳು ಇದೇ ಮಳೆಯಲ್ಲಿ ಹೇಗೆ ಬಾಳಿದುವು? ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅದರಿಂದ ಹೆಸರಾದ ಮಂಗಳೂರು ಹಂಚುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿ ಜೋಡಿಸುತ್ತಾರೆ. ನೀರು ಇಳಿಯದು, ಆದರೆ ಗಾಳಿ ಸಂದುಗಳಿಂದ ಹೊರಬೀಳುತ್ತದೆ. ಕೆಳಗೆ ಒಲೆ ಉರಿಯುತ್ತಿತ್ತು. ೨೭ ಡಿಗ್ರಿಯ, ಶೇಕಡಾ ೯೦ ಆರ್ದ್ರತೆಯ ಗಾಳಿಯನ್ನು ೩೦ ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆಯೇ ಆರ್ದ್ರತೆ ಶೇಕಡಾ ೭೬ಕ್ಕೆ ಇಳಿಯುತ್ತದೆ. ಅಟ್ಟದ ಮೇಲೆ ಅಕ್ಕಿಮುಡಿಗಳು ಮಳೆಗಾಲವನ್ನು ಕಳೆದುದು ಈ ಲೆಕ್ಕದಿಂದಲೇ. ಗೋಡೆಗೆ ವರ್ಷಕ್ಕೊಮ್ಮೆ ಬಳಿಯುತ್ತಿದ್ದ ಚಿಪ್ಪಿನ ಸುಣ್ಣವೂ ನೆರವಾಯಿತು. ಹೊಸ ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಬೂಷ್ಟು ಬೆಳೆಯದು. ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಕ್ರಮೇಣ ಆ ಕ್ಷಾರ ಸಾಯುವುದರಿಂದ ಮರಳಿ ಬಳಿಯಬೇಕಾಗುತ್ತಿತ್ತು. ಹೊಗೆಯಿಂದ ಕಣ್ಣುರಿಸಿಕೊಂಡ ಅಜ್ಜಿಯರನ್ನು ನೆನೆದರೆ ಒಲೆಯನ್ನು ಮರಳಿ ತರೋಣವೆಂದು ನಾನು ಹೇಳಲಾರೆ. ಆದರೆ ತತ್ತ್ವ ಉಪಯೋಗಕ್ಕೆ ಬರುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಮಸೂರಗಳ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿ ಎರಡು ಮಸೂರಗಳು ಹಾಳಾದುವು. ಅದು ಸ್ರವಿಸುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ಅಂದಿನಿಂದ ಆ ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಹಗಲಿರುಳು ಉರಿಯುತ್ತಿದೆ.

ಮನೆಯ ಕೀಟಗಳಲ್ಲಿ ಹಲವು ಈ ತೇವದ ಬೆನ್ನು ಹತ್ತಿಯೇ ಬರುತ್ತವೆ. ಹಳೆಯ ಪುಸ್ತಕ ತೆರೆದಾಗ ಓಡುವ, ಸಾಸಿವೆಗಿಂತಲೂ ಚಿಕ್ಕದಾದ ಮಾಸಲು ಹುಳುಗಳು ಕಾಗದಕ್ಕಿಂತ ಹೆಚ್ಚಾಗಿ ಅದರ ಮೇಲಿನ ಬೂಷ್ಟನ್ನು ಮೇಯುತ್ತವೆ. ಅವು ನೀರು ಕುಡಿಯಬೇಕಾಗಿಲ್ಲ. ಗಾಳಿಯ ಆವಿಯನ್ನೇ ಹೀರುತ್ತವೆ. ಆದುದರಿಂದ ಗಾಳಿ ಒಣಗಿದರೆ ಔಷಧಿಯಿಲ್ಲದೆ ಸಾಯುತ್ತವೆ. ಒರಲೆಗೂ ಒದ್ದೆಯ ಮರವೇ ಪ್ರಿಯ.

ನಾನು ಮಾಡಿದ ಚಿಕಿತ್ಸೆ ಇಷ್ಟೆ. ಹಗ್ಗವನ್ನು ಜಗಲಿಗೆ ಸಾಗಿಸಿದೆನು. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆನು. ಮೂಗಿಗೆ ಬಟ್ಟೆ ಕಟ್ಟಿ ಮಚ್ಚೆಯನ್ನು ಸಾಬೂನು ನೀರಿನಿಂದ ಉಜ್ಜಿ, ಒಣಗಿದ ಮೇಲೆ ಸುಣ್ಣ ಬಳಿದೆನು. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಅದು ಬಣ್ಣವನ್ನು ಎಬ್ಬಿಸಿಕೊಂಡು ಬರುತ್ತದೆ. ಎದುರೆದುರಿನ ಕಿಟಕಿಗಳಿಗೆ ಬಲೆ ಹಾಕಿಸಿದೆನು, ಏಕೆಂದರೆ ಮಲೇರಿಯಾ ಕಂಡ ಈ ನಗರದಲ್ಲಿ ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ ಮತ್ತೆ ತೆರೆಯುವುದಿಲ್ಲ. ಮಳೆ ಹೊಳವಾದ ಮಧ್ಯಾಹ್ನಗಳಲ್ಲಿ ಹೊರಗಿನ ಆರ್ದ್ರತೆ ಶೇಕಡಾ ೮೦ರ ಆಸುಪಾಸಿಗೆ ಇಳಿಯುತ್ತದೆ, ತೆರೆಯಬೇಕಾದುದು ಆಗ. ಹವಾನಿಯಂತ್ರಕದಿಂದ ತಣಿಸಿದ ಕೋಣೆಗೆ ಮಾತ್ರ ಈ ಉಪದೇಶ ಸಲ್ಲದು: ಅಲ್ಲಿ ತೆರೆದ ಕಿಟಕಿಯೇ ಗೋಡೆಯನ್ನು ಬೆವರಿಸುತ್ತದೆ.

ಮುಂದಿನ ಆಟಿಯಲ್ಲಿ ಮಚ್ಚೆ ಪೂರ್ಣ ಮಾಯವಾಗಲಿಲ್ಲ, ತಟ್ಟೆಯಷ್ಟಿದ್ದುದು ಬಿಲ್ಲೆಯಷ್ಟಾಯಿತು. ತಾಯಿಯವರ ಕೆಮ್ಮು ಇಳಿಯಿತು, ಆದರೆ ಒಂದೇ ಮಳೆಗಾಲದ ಅನುಭವವನ್ನು ನಾನು ಪ್ರಮಾಣವೆಂದು ಮುಂದಿಡುವುದಿಲ್ಲ. ಬಚ್ಚಲಿಗೆ ತಾಗಿದ ಗೋಡೆಯಲ್ಲಿಯೂ ಒಂದು ಹಾಳೆ ಅಂಟಿಸಿ ನೋಡಿದೆನು. ಅಲ್ಲಿ ಹನಿಗಳು ಹಾಳೆಯ ಹಿಂದೆಯೇ ಇದ್ದುವು. ಮೇಸ್ತ್ರಿಯನ್ನು ಮತ್ತೆ ಕರೆಸಿದೆನು. ಗೋಡೆಯೊಳಗಿನ ಕೊಳಾಯಿ ಸೋರುತ್ತಿತ್ತು.